ಗೋಲು ಹೊಡೆದವರ ಹೆಸರು ಎಲ್ಲಿ?

ಮೂರು ಪ್ರಶ್ನೆಗಳಿಂದ ಶುರು ಮಾಡೋಣ.

1911ರಲ್ಲಿ ಬ್ರಿಟಿಷ್ ಸೈನಿಕರ ತಂಡವನ್ನು ಸೋಲಿಸಿ ಐಎಫ್‌ಎ ಶೀಲ್ಡ್ ಗೆದ್ದ ಮೊದಲ ಭಾರತೀಯ ಕ್ಲಬ್ ಯಾವುದು? ಸ್ಪರ್ಧಾತ್ಮಕ ಪರೀಕ್ಷೆಗೆ ಓದಿದವರು ಥಟ್ಟನೆ ಹೇಳುತ್ತಾರೆ: ಮೋಹನ್ ಬಾಗಾನ್. 1940ರಲ್ಲಿ ಡ್ಯುರಾಂಡ್ ಕಪ್ ಗೆದ್ದ ಮೊದಲ ಭಾರತೀಯ ತಂಡ? ಸ್ವಲ್ಪ ತಲೆ ಕೆರೆದುಕೊಂಡು ಹೇಳಿಯಾರು: ಕಲ್ಕತ್ತೆಯ ಮೊಹಮ್ಮಡನ್ ಸ್ಪೋರ್ಟಿಂಗ್. ಇವೆರಡರ ನಡುವೆ, 1937ರಲ್ಲಿ, ಬೊಂಬಾಯಿಯ ರೋವರ್ಸ್ ಕಪ್ ಗೆದ್ದ ಮೊದಲ ಭಾರತೀಯ ತಂಡ ಯಾವುದು?

ಇಲ್ಲಿ ಎಲ್ಲರೂ ಸುಮ್ಮನಾಗುತ್ತಾರೆ. ಕ್ರೀಡಾ ಪುಟ ನೋಡಿಕೊಳ್ಳುವ ಗೆಳೆಯರೂ ಸುಮ್ಮನಾಗುತ್ತಾರೆ.

ಉತ್ತರ ಬೆಂಗಳೂರು ಮುಸ್ಲಿಮ್ಸ್. ಹೌದು, ನಮ್ಮ ಬೆಂಗಳೂರಿನ ಕ್ಲಬ್ಬೇ. 1937ರಲ್ಲಿ ಗೆದ್ದಿತು, 1938ರಲ್ಲಿ ಮತ್ತೆ ಗೆದ್ದಿತು, ಹತ್ತು ವರ್ಷ ಬಿಟ್ಟು 1948ರಲ್ಲಿ ಮೂರನೇ ಸಲ ಗೆದ್ದಿತು. ಕಂಪನಿ ಇಲ್ಲ, ಮಾಲೀಕ ಇಲ್ಲ, ಹರಾಜಿನಲ್ಲಿ ಕೊಂಡ ಆಟಗಾರರಿಲ್ಲ. ಹಗಲು ಹೊಟ್ಟೆಪಾಡು ನೋಡಿಕೊಂಡು ಸಂಜೆ ಚೆಂಡು ಒದೆಯುವ ಹವ್ಯಾಸಿಗಳ ಕಾಲ ಅದು.

ಈ ಕ್ಲಬ್ಬನ್ನು ನಾವು ಮರೆತದ್ದು ಕಾಲದ ಮಹಿಮೆ ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. 1911 ಇನ್ನೂ ಹಳೆಯದು, ಅದು ನೆನಪಿದೆ. ಮರೆವಿಗೆ ಕಾರಣ ಕಾಲವಲ್ಲ, ಕಸುಬು. ಸ್ಥಳೀಯ ಕ್ಲಬ್ಬಿನ ಆಟವನ್ನು ಬರೆದಿಡುವುದು ಯಾರ ಕೆಲಸ ಆಗಿತ್ತೋ ಅವರು ಆ ಕೆಲಸ ಮಾಡಲಿಲ್ಲ. ಇವತ್ತು ಅದು ನಮ್ಮ ಕೆಲಸ. ನಾವೂ ಮಾಡುತ್ತಿಲ್ಲ. ಈ ಬರಹದ ಜಗಳ ಇಷ್ಟೇ.

ಮೊದಲು ಗೆಲುವು ಎಷ್ಟು ದೊಡ್ಡದಿತ್ತು ಅನ್ನುವುದನ್ನು ನೋಡಿ. ರೋವರ್ಸ್ ಕಪ್ ಶುರುವಾಗಿದ್ದು 1891ರಲ್ಲಿ. ದೇಶದ ಮೂರು ಹಳೆಯ ದೊಡ್ಡ ಟೂರ್ನಿಗಳಲ್ಲಿ ಅದೂ ಒಂದು. ಉಳಿದೆರಡು ಡ್ಯುರಾಂಡ್ ಮತ್ತು ಐಎಫ್‌ಎ ಶೀಲ್ಡ್. ಬೊಂಬಾಯಿಯಲ್ಲಿದ್ದ ಬ್ರಿಟಿಷರು ತಮ್ಮ ಸೈನಿಕರಿಗಾಗಿ ಮಾಡಿಕೊಂಡ ಟೂರ್ನಿ ಅದು. ವೋರ್ಸ್ಟರ್‌ಶೈರ್ ರೆಜಿಮೆಂಟ್‌ನಿಂದ ಶುರುವಾಗಿ ನಲವತ್ತಕ್ಕೂ ಹೆಚ್ಚು ವರ್ಷ ಕಪ್ ಮೇಲೆ ಕೆತ್ತಿದ್ದು ಬಿಳಿಯರ ಪಲ್ಟನ್‌ಗಳ ಹೆಸರೇ. ಮೋಹನ್ ಬಾಗಾನ್ 1923ರಲ್ಲಿ ಫೈನಲ್‌ವರೆಗೂ ಬಂದು ಸೋತು ಹೋಗಿತ್ತು.

1937ರ ಫೈನಲ್‌ನಲ್ಲಿ ಬೆಂಗಳೂರು ಮುಸ್ಲಿಮ್ಸ್ ಸೋಲಿಸಿದ್ದು ಯಾರನ್ನು ಗೊತ್ತಾ? ಮೊಹಮ್ಮಡನ್ ಸ್ಪೋರ್ಟಿಂಗ್ ತಂಡವನ್ನು. 1934ರಿಂದ 1938ರವರೆಗೆ ಸತತ ಐದು ವರ್ಷ ಕಲ್ಕತ್ತಾ ಲೀಗ್ ಗೆದ್ದ ತಂಡವದು. ಅಂದರೆ ಆಗ ದೇಶದಲ್ಲೇ ಅತ್ಯಂತ ಬಲಶಾಲಿ ಅನ್ನಿಸಿಕೊಂಡಿದ್ದ ಭಾರತೀಯ ತಂಡ ತನ್ನ ಉಚ್ಛ್ರಾಯದಲ್ಲಿದ್ದಾಗ, ನಮ್ಮ ಒಂದು ಊರ ಕ್ಲಬ್ ಹೋಗಿ ಅದನ್ನು ಸೋಲಿಸಿ ಕಪ್ ತಂದಿತು. ಮಾರನೇ ವರ್ಷ ಮತ್ತೆ ಹೋಗಿ ಉಳಿಸಿಕೊಂಡಿತು. ಒಂದು ಸಲ ಗೆದ್ದರೆ ಅದೃಷ್ಟ ಅನ್ನಬಹುದು, ಎರಡನೇ ಸಲಕ್ಕೆ ಬೇರೆ ಪದ ಬೇಕು. 1948ರ ಫೈನಲ್‌ನಲ್ಲಿ ಸೋತದ್ದು ಮೋಹನ್ ಬಾಗಾನ್. ಕಲ್ಕತ್ತೆಯ ಎರಡು ದೊಡ್ಡ ಕ್ಲಬ್‌ಗಳನ್ನು ಫೈನಲ್‌ನಲ್ಲಿ ಸೋಲಿಸಿದ ತಂಡಕ್ಕೆ ಅದರ ಸ್ವಂತ ರಾಜ್ಯದಲ್ಲಿ ಒಂದು ನೆನಪಿನ ದಿನವೂ ಇಲ್ಲ.

ಕಲ್ಕತ್ತೆಯಲ್ಲಿ ಏನಾಗಿದೆ ನೋಡಿ. ಜುಲೈ 29 ಬಂದರೆ ಅಲ್ಲಿ ಮೋಹನ್ ಬಾಗಾನ್ ದಿನ. 1911ರ ತಂಡಕ್ಕೆ ಅಮರ ಹನ್ನೊಂದು ಅಂತ ಹೆಸರು. ನಾಯಕ ಶಿಬದಾಸ್ ಭಾದುರಿ, ಗೆಲುವಿನ ಗೋಲು ಹೊಡೆದ ಅಭಿಲಾಷ್ ಘೋಷ್, ತಂಡದಲ್ಲಿ ಬೂಟು ಹಾಕಿದ್ದ ಒಬ್ಬನೇ ಒಬ್ಬ ಸುಧೀರ್ ಚಟರ್ಜಿ, ಹೀಗೆ ಹನ್ನೊಂದು ಜನರ ಹೆಸರನ್ನೂ ಅಲ್ಲಿನ ಅಭಿಮಾನಿ ಹೇಳುತ್ತಾನೆ. ಕ್ಲಬ್ ಹೆಸರಲ್ಲಿ 1989ರಲ್ಲಿ ಅಂಚೆ ಚೀಟಿ ಬಂತು. ಗೆಲುವಿನ ನೂರನೇ ವರ್ಷಕ್ಕೆ ಬಂಗಾಳಿಯಲ್ಲಿ ಸಿನಿಮಾ ಬಂತು. ಈಗ ನೀವು 1937ರ ಬೆಂಗಳೂರಿನ ಹನ್ನೊಂದು ಹೆಸರು ಹೇಳಿ. ಹನ್ನೊಂದು ಬೇಡ, ಮೂರು ಹೇಳಿ. ಒಂದು?

ಬಂಗಾಳಿಗಳಿಗೆ ಫುಟ್‌ಬಾಲ್ ಹುಚ್ಚು, ನಮಗಿಲ್ಲ ಅನ್ನುವುದು ಸುಲಭದ ಉತ್ತರ. ಅದು ಸುಳ್ಳು ಕೂಡ. ಮೈಸೂರು ರಾಜ್ಯ ತಂಡ ಸಂತೋಷ್ ಟ್ರೋಫಿ ಗೆದ್ದದ್ದು ನಾಲ್ಕು ಸಲ: 1946-47, 1952-53, 1967-68, 1968-69. ಹುಚ್ಚಿಲ್ಲದ ರಾಜ್ಯ ನಾಲ್ಕು ಸಲ ರಾಷ್ಟ್ರೀಯ ಚಾಂಪಿಯನ್ ಆಗುವುದಿಲ್ಲ. 1948ರ ಲಂಡನ್ ಒಲಿಂಪಿಕ್ಸ್‌ಗೆ ಹೋದ ಸ್ವತಂತ್ರ ಭಾರತದ ಮೊದಲ ಫುಟ್‌ಬಾಲ್ ತಂಡದಲ್ಲಿ ಬೆಂಗಳೂರಿನ ಮೈದಾನಗಳಲ್ಲಿ ಆಡಿ ಬೆಳೆದವರ ಗುಂಪೇ ಇತ್ತು. ಸಾರಂಗಪಾಣಿ ರಾಮನ್, ಅಹ್ಮದ್ ಖಾನ್, ಧನರಾಜ್, ಬಷೀರ್. ಫ್ರಾನ್ಸ್ ವಿರುದ್ಧ ಹೆಚ್ಚಿನವರು ಬರಿಗಾಲಲ್ಲೇ ಆಡಿದ ಆ ಪಂದ್ಯವನ್ನು ಭಾರತ 1-2ರಿಂದ ಸೋತಿತು. ಆ ಒಂದು ಗೋಲು, ಒಲಿಂಪಿಕ್ ಫುಟ್‌ಬಾಲ್‌ನಲ್ಲಿ ಭಾರತದ ಮೊಟ್ಟಮೊದಲ ಗೋಲು, ರಾಮನ್ ಹೊಡೆದದ್ದು. ಈ ಮಾಹಿತಿ ನಮ್ಮ ಯಾವ ಶಾಲೆಯ ಸಾಮಾನ್ಯ ಜ್ಞಾನದ ಪುಸ್ತಕದಲ್ಲಿದೆ, ತೋರಿಸಿ.

ಹಾಗಾದರೆ ಕನ್ನಡ ಓದುಗರಿಗೆ ಇದು ಯಾಕೆ ತಲುಪಲಿಲ್ಲ? ನನಗೆ ಕಾಣುವ ಮೊದಲ ಕಾರಣ ಒಂದು ಗಡಿ. ಬೆಂಗಳೂರಿನಲ್ಲಿ ಫುಟ್‌ಬಾಲ್ ಬೇರು ಬಿಟ್ಟಿದ್ದು ದಂಡು ಪ್ರದೇಶದಲ್ಲಿ. 1809ರಲ್ಲಿ ಬ್ರಿಟಿಷರು ಶ್ರೀರಂಗಪಟ್ಟಣ ಬಿಟ್ಟು ಇಲ್ಲಿ ದಂಡು ಕಟ್ಟಿದರು. ಸೈನಿಕರು ಆಡಿದರು, ನೋಡಿದವರು ಕಲಿತರು. ಸೈನ್ಯಕ್ಕೆ ಬಟ್ಟೆ ಒಗೆದವರು, ಕುದುರೆ ನೋಡಿಕೊಂಡವರು, ಚರ್ಮದ ಕೆಲಸ ಮಾಡಿದವರು, ಸಣ್ಣ ಅಂಗಡಿ ಇಟ್ಟವರು, ಅವರ ಮಕ್ಕಳು. ಅವರ ಮನೆಮಾತು ಹೆಚ್ಚಾಗಿ ತಮಿಳು, ಉರ್ದು. ಅದು 1947ರ ಜುಲೈವರೆಗೂ ಮೈಸೂರು ಸಂಸ್ಥಾನದ ಕೈಯಲ್ಲಿ ಇರಲೇ ಇಲ್ಲ, ಬ್ರಿಟಿಷರ ನೇರ ಆಡಳಿತದ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಆಗಿತ್ತು. ಪೇಟೆ ಮತ್ತು ದಂಡು ಒಂದೇ ಕಾರ್ಪೊರೇಷನ್ ಅಡಿಗೆ ಬಂದದ್ದು 1949ರಲ್ಲಿ. ಕಾಗದದಲ್ಲಿ ಗಡಿ ಅಳಿಸಿಹೋಯಿತು, ಪತ್ರಿಕೆಗಳ ಕಣ್ಣಿನಲ್ಲಿ ಉಳಿಯಿತು. ಶಿವಾಜಿನಗರ, ಫ್ರೇಜರ್ ಟೌನ್, ಆಸ್ಟಿನ್ ಟೌನ್, ಮರ್ಫಿ ಟೌನ್, ಗೌತಮಪುರದ ಆಟ ಕನ್ನಡ ಪುಟಕ್ಕೆ ಬೇರೆ ಊರಿನ ಆಟದಂತೆ ಕಂಡಿತು.

ಎರಡನೇ ಕಾರಣ ಕ್ಲಬ್ಬಿನ ಹೆಸರು. ಇದನ್ನು ಸುತ್ತಿ ಬಳಸಿ ಹೇಳುವುದು ಬೇಡ. ಹೆಸರಲ್ಲಿ ಮುಸ್ಲಿಮ್ಸ್ ಅಂತಿದೆ, ಅದಕ್ಕೇ ಕೆಲವರಿಗೆ ಇದನ್ನು ನಮ್ಮ ಹೆಮ್ಮೆ ಅಂತ ಹೇಳಿಕೊಳ್ಳಲು ನಾಲಿಗೆ ತಡವರಿಸುತ್ತದೆ. ಕೋಮಿನ ಹೆಸರಿಟ್ಟ ಕ್ಲಬ್ಬನ್ನು ಕೊಂಡಾಡಬೇಕಾ ಅಂತ ಕೇಳುತ್ತಾರೆ. ಸ್ವಾಮಿ, ಆ ಕಾಲದಲ್ಲಿ ಆಟವೆಲ್ಲ ಹಾಗೇ ಸಂಘಟಿತವಾಗಿತ್ತು. ಬೊಂಬಾಯಿಯಲ್ಲಿ ಹಿಂದೂ ಜಿಮ್ಖಾನಾ, ಪಾರ್ಸಿ ಜಿಮ್ಖಾನಾ, ಇಸ್ಲಾಂ ಜಿಮ್ಖಾನಾ ಇದ್ದವು, ಈಗಲೂ ಇವೆ. ಕ್ರಿಕೆಟ್‌ನಲ್ಲಿ ಹಿಂದೂಗಳು, ಮುಸ್ಲಿಮರು, ಪಾರ್ಸಿಗಳು, ಯುರೋಪಿಯನ್ನರು ಅಂತ ಧರ್ಮವಾರು ತಂಡಗಳೇ ಆಡುತ್ತಿದ್ದವು. ಆ ಟೂರ್ನಿಗೆ ಐದನೇ ತಂಡ ಸೇರಿ ಪೆಂಟಾಂಗ್ಯುಲರ್ ಆದದ್ದು ಇದೇ 1937ರಲ್ಲಿ. ಅಲ್ಲಿ ಹಿಂದೂಗಳು ತಂಡಕ್ಕೆ ಆಡಿದ ದೊಡ್ಡ ಕ್ರಿಕೆಟಿಗರನ್ನು ನಾವು ಭಾರತೀಯ ಕ್ರಿಕೆಟ್‌ನ ಪೂರ್ವಜರು ಅಂತ ಒಪ್ಪಿಕೊಂಡಿದ್ದೇವೆ. ತಪ್ಪೇನಿಲ್ಲ. ಆದರೆ ಅದೇ ಅಳತೆಗೋಲು ಬೆಂಗಳೂರಿನ ಕ್ಲಬ್ಬಿಗೂ ಬರಬೇಕು. ಹೆಸರು ಆ ಕಾಲದ್ದು. ಬಿಳಿಯರ ಪಲ್ಟನ್‌ಗಳ ಸಾಲಿನಲ್ಲಿ ಕಪ್ ಮೇಲೆ ಮೊದಲ ಸಲ ನಮ್ಮವರ ಹೆಸರು ಕೂರಿಸಿದ ಗೆಲುವು ಮಾತ್ರ ಊರಿಗೆಲ್ಲ ಸೇರಿದ್ದು.

1948ರ ಗೆಲುವಿನ ನಂತರ ಏನಾಯಿತು ಅನ್ನುವುದು ಕಥೆಯ ಮುಖ್ಯ ಭಾಗ. 1949ರಲ್ಲಿ ರೋವರ್ಸ್ ಕಪ್ ಗೆದ್ದದ್ದು ಈಸ್ಟ್ ಬೆಂಗಾಲ್. ಆ ವರ್ಷ ಅದು ಕಲ್ಕತ್ತಾ ಲೀಗನ್ನೂ ಐಎಫ್‌ಎ ಶೀಲ್ಡನ್ನೂ ಗೆದ್ದಿತು. ಆ ಕಾಲದ ಈಸ್ಟ್ ಬೆಂಗಾಲ್‌ನ ಐವರು ಫಾರ್ವರ್ಡ್‌ಗಳಿಗೆ ಪಂಚಪಾಂಡವರು ಅಂತ ಹೆಸರು: ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹ್ಮದ್ ಖಾನ್, ಸಾಲೇಹ್. ಇವರಲ್ಲಿ ಧನರಾಜ್ ಮತ್ತು ಅಹ್ಮದ್ ಖಾನ್ ಬೆಂಗಳೂರಿನಿಂದ ಹೋದವರು. ಇಲ್ಲಿ ಹವ್ಯಾಸಿ ಕ್ಲಬ್‌ಗಳು ಹುಡುಗರನ್ನು ಬೆಳೆಸಿದವು, ಅಲ್ಲಿನ ಶ್ರೀಮಂತ ಕ್ಲಬ್‌ಗಳು ಕರೆದುಕೊಂಡವು. ಬೆಂಗಳೂರಿನ ಕೆಂಪಯ್ಯ 1956 ಮತ್ತು 1960ರ ಒಲಿಂಪಿಕ್ಸ್‌ಗೆ ಹೋದರು, ಮೋಹನ್ ಬಾಗಾನ್‌ಗೆ ಆಡಿದರು. 1962ರ ಏಷ್ಯನ್ ಗೇಮ್ಸ್ ಚಿನ್ನದ ತಂಡದ ಅರುಮೈನಾಯಗಂ ಕೂಡ ಇಲ್ಲಿಂದಲೇ ಮೋಹನ್ ಬಾಗಾನ್‌ಗೆ ಹೋದವರು.

ಆಟಗಾರರು ಹೋದದ್ದಕ್ಕೆ ನನ್ನ ತಕರಾರಿಲ್ಲ. ಹೊಟ್ಟೆಪಾಡು ಇದ್ದಲ್ಲಿಗೆ ಜನ ಹೋಗುತ್ತಾರೆ. ನನ್ನ ತಕರಾರು ಇರುವುದು ನೆನಪಿನ ಬಗ್ಗೆ. ಅಹ್ಮದ್ ಖಾನ್ 2017ರಲ್ಲಿ ತೀರಿಕೊಂಡರು. ಎರಡು ಒಲಿಂಪಿಕ್ಸ್ ಆಡಿದವರು, 1951ರ ಮೊದಲ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದವರು. ಅವರ ಆಟವನ್ನು ವರ್ಣಿಸಿ ಬರೆದದ್ದು ಸಿಗಬೇಕೆಂದರೆ ನೀವು ಕಲ್ಕತ್ತೆಯ ಕಡೆ ಮುಖ ಮಾಡಬೇಕು. ರೋವರ್ಸ್ ಗೆದ್ದವರ ಪಟ್ಟಿ ಉಳಿದದ್ದು ಟೂರ್ನಿ ಬೊಂಬಾಯಿಯದ್ದು ಅನ್ನುವ ಕಾರಣಕ್ಕೆ. ನಮ್ಮ ಕ್ಲಬ್ಬಿನ ಚರಿತ್ರೆ ನಮಗೆ ಸಿಗುವುದು ಅದು ಬೇರೆಯವರ ಅಂಗಳಕ್ಕೆ ಹೋಗಿ ಆಡಿದಾಗ ಮಾತ್ರ. ಅದು ಇಲ್ಲೇ ಆಡಿದ ನೂರಾರು ಲೀಗ್ ಪಂದ್ಯಗಳು, ಆ ಹುಡುಗರನ್ನು ಸಂಜೆ ಸಂಜೆ ತಿದ್ದಿದ ಮೇಸ್ಟ್ರುಗಳು, ಚಂದಾ ಎತ್ತಿ ರೈಲಿನ ಟಿಕೆಟ್ ಕೊಡಿಸಿದವರು, ಇವರೆಲ್ಲ ಚರಿತ್ರೆಯ ಹೊರಗೆ.

ಆಮೇಲಿನದ್ದನ್ನು ಬೇಗ ಹೇಳಿ ಮುಗಿಸುತ್ತೇನೆ. ಐವತ್ತರ ದಶಕದಿಂದ ಸಾರ್ವಜನಿಕ ಉದ್ದಿಮೆಗಳ ಕಾಲ. ಎಚ್‌ಎಎಲ್, ಐಟಿಐ, ಬಿಇಎಂಎಲ್, ಎಲ್‌ಆರ್‌ಡಿಇ ಇಂಥವು ಆಟಗಾರರಿಗೆ ನೌಕರಿ ಕೊಟ್ಟವು. ಕೆಲಸ ಸಿಕ್ಕ ಹುಡುಗ ಮೊಹಲ್ಲಾ ಕ್ಲಬ್ ಬಿಟ್ಟು ಕಾರ್ಖಾನೆ ತಂಡಕ್ಕೆ ಹೋದ. ಒಳ್ಳೆಯದೇ ಆಯಿತು, 1977ರ ಮೊಟ್ಟಮೊದಲ ಫೆಡರೇಷನ್ ಕಪ್ಪನ್ನು ಐಟಿಐ ಗೆದ್ದದ್ದು ಫೈನಲ್‌ನಲ್ಲಿ ಮೋಹನ್ ಬಾಗಾನನ್ನು ಸೋಲಿಸಿ. ಉದ್ದಿಮೆಗಳು ಸೊರಗಿದಾಗ ತಂಡಗಳೂ ಸೊರಗಿದವು. ಎಚ್‌ಎಎಲ್ ಐ-ಲೀಗ್‌ವರೆಗೆ ಏರಿ 2012ರಲ್ಲಿ ಕೆಳಗಿಳಿಯಿತು. 2013ರಲ್ಲಿ ಬೆಂಗಳೂರು ಎಫ್‌ಸಿ ಹುಟ್ಟಿತು, ಮೊದಲ ವರ್ಷವೇ ಐ-ಲೀಗ್ ಗೆದ್ದಿತು, 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ಮುಟ್ಟಿತು. ಕರ್ನಾಟಕ 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ನಡೆದ ಫೈನಲ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ 54 ವರ್ಷಗಳ ನಂತರ ಸಂತೋಷ್ ಟ್ರೋಫಿ ಗೆದ್ದಿತು.

ಬೆಂಗಳೂರು ಎಫ್‌ಸಿ ಮೇಲೆ ನನಗೆ ಸಿಟ್ಟಿಲ್ಲ. ಕಂಠೀರವದಲ್ಲಿ ಕುಳಿತು ಕೂಗಿದವರಲ್ಲಿ ನಾನೂ ಒಬ್ಬ. ಸಿಟ್ಟು ಬರುವುದು ಬೆಂಗಳೂರಿನಲ್ಲಿ ಫುಟ್‌ಬಾಲ್ ಸಂಸ್ಕೃತಿ ಶುರುವಾದದ್ದೇ 2013ರಲ್ಲಿ ಎಂಬಂತೆ ಬರೆಯುವವರ ಮೇಲೆ. ಅವರಿಗಿಂತ ಹೆಚ್ಚು ಸಿಟ್ಟು ಬರುವುದು ನಾಲ್ಕು ವರ್ಷಕ್ಕೊಮ್ಮೆ ವಿಶ್ವಕಪ್ ಬಂದಾಗ ಗೌತಮಪುರಕ್ಕೆ ಕ್ಯಾಮೆರಾ ಹಿಡಿದು ಹೋಗುವವರ ಮೇಲೆ. ಅಲ್ಲೊಂದು ಪೆಲೆ ಪ್ರತಿಮೆ ಇದೆ. ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ ಜೊತೆಗೆ ಪೆಲೆ. ಚಂದದ ಜಾಗ, ಚಂದದ ಫೋಟೊ. ಮಿನಿ ಬ್ರೆಜಿಲ್ ಅಂತ ಶೀರ್ಷಿಕೆ ಹಾಕಿ, ಹಳದಿ ಜೆರ್ಸಿ ತೊಟ್ಟ ಹುಡುಗರನ್ನು ಕುಣಿಸಿ, ವಾಪಸ್ ಬರುತ್ತಾರೆ. ಆ ಬೀದಿಯ ಯಾವ ತಂಡ ಬಿಡಿಎಫ್‌ಎ ಲೀಗ್‌ನ ಯಾವ ಡಿವಿಷನ್‌ನಲ್ಲಿ ಆಡುತ್ತಿದೆ, ಕಳೆದ ಭಾನುವಾರ ಗೆದ್ದಿತಾ ಸೋತಿತಾ, ಇದನ್ನು ಕೇಳುವುದಿಲ್ಲ. ಬ್ರೆಜಿಲ್‌ನ ಆಟಗಾರನ ಹೆಸರು ಬರುತ್ತದೆ, ಗೌತಮಪುರದ ಆಟಗಾರನ ಹೆಸರು ಬರುವುದಿಲ್ಲ.

ಈಗ ನಮ್ಮ ಬುಡಕ್ಕೆ ಬರೋಣ. ಇದೆಲ್ಲ ಬೆಂಗಳೂರಿನ ಕಥೆ, ಗ್ರಾಮೀಣ ಪತ್ರಿಕೋದ್ಯಮ ಓದಿದ ನಮಗೇನು ಸಂಬಂಧ ಅಂತ ನೀವು ಕೇಳಬಹುದು. ಸಂಬಂಧ ಇರುವುದು ಇಲ್ಲೇ. ಬೆಂಗಳೂರು ಮುಸ್ಲಿಮ್ಸ್‌ಗೆ ಆದದ್ದು ಇವತ್ತು ಮಂಗಳೂರಿನ ನೆಹರೂ ಮೈದಾನದಲ್ಲಿ ಆಡುವ ಕ್ಲಬ್‌ಗಳಿಗೆ, ಉಳ್ಳಾಲದ, ಸುಂಟಿಕೊಪ್ಪದ, ಬೆಳಗಾವಿಯ, ಕೆಜಿಎಫ್‌ನ ಕ್ಲಬ್‌ಗಳಿಗೆ ಆಗುತ್ತಿದೆ. ಮತ್ತು ಅದನ್ನು ಮಾಡುತ್ತಿರುವವರು ನಮ್ಮ ಸಹಪಾಠಿಗಳೇ.

ನಮ್ಮ ಯಾವುದೇ ಜಿಲ್ಲಾ ಪುಟದ ಒಂದು ಟೂರ್ನಿ ವರದಿ ತೆಗೆದುಕೊಳ್ಳಿ. ಊರು ಯಾವುದಾದರೂ ಅಚ್ಚು ಒಂದೇ. ಶಾಸಕರು ಚೆಂಡು ಒದೆಯುವ ಮೂಲಕ ಚಾಲನೆ ನೀಡಿದರು. ಕ್ರೀಡೆಯಿಂದ ದೈಹಿಕ ಮತ್ತು ಮಾನಸಿಕ ಆರೋಗ್ಯ ವೃದ್ಧಿಸುತ್ತದೆ ಎಂದು ಅಭಿಪ್ರಾಯಪಟ್ಟರು. ಸೋಲು ಗೆಲುವನ್ನು ಸಮಾನವಾಗಿ ಸ್ವೀಕರಿಸಬೇಕು ಎಂದು ಮತ್ತೊಬ್ಬರು ಕಿವಿಮಾತು ಹೇಳಿದರು. ಅಧ್ಯಕ್ಷತೆ ವಹಿಸಿದವರ ಹೆಸರು. ಆಮೇಲೆ ಹನ್ನೆರಡು ಮಂದಿ ವೇದಿಕೆಯಲ್ಲಿ ಉಪಸ್ಥಿತರಿದ್ದರು. ಒಬ್ಬರು ಸ್ವಾಗತಿಸಿದರು, ಒಬ್ಬರು ನಿರೂಪಿಸಿದರು, ಒಬ್ಬರು ವಂದಿಸಿದರು. ಕೊನೆಯ ಸಾಲಿನಲ್ಲಿ, ಜಾಗ ಉಳಿದಿದ್ದರೆ, ಇಂಥ ತಂಡ ಪ್ರಥಮ, ಇಂಥ ತಂಡ ದ್ವಿತೀಯ. ಸ್ಕೋರ್ ಇಲ್ಲ. ಗೋಲು ಹೊಡೆದವರಿಲ್ಲ. ಗೋಲ್‌ಕೀಪರ್ ಇಲ್ಲ. ತೀರ್ಪುಗಾರರಿಲ್ಲ. ಫೋಟೊದಲ್ಲಿ ಕಪ್ ಹಿಡಿದವರು ಆಟಗಾರರಲ್ಲ, ಕೊಟ್ಟವರು. ಹುಡುಗರು ಹಿಂದಿನ ಸಾಲಿನಲ್ಲಿ ಇಣುಕುತ್ತಿರುತ್ತಾರೆ.

ಇನ್ನು ಐವತ್ತು ವರ್ಷ ಬಿಟ್ಟು ಯಾರೋ ಒಬ್ಬ ಹುಡುಗಿ ತನ್ನ ಅಜ್ಜ ಆಡಿದ ಕ್ಲಬ್ಬಿನ ಚರಿತ್ರೆ ಹುಡುಕಿಕೊಂಡು ಹಳೆಯ ಪತ್ರಿಕೆ ತೆರೆಯುತ್ತಾಳೆ ಅಂತಿಟ್ಟುಕೊಳ್ಳಿ. ಅವಳಿಗೆ ಸಿಗುವುದೇನು? ಆ ವರ್ಷದ ತಾಲ್ಲೂಕು ಪಂಚಾಯಿತಿ ಸದಸ್ಯರ ಪಟ್ಟಿ. ಅಜ್ಜ ಆ ಪುಟದಲ್ಲಿ ಎಲ್ಲೂ ಇಲ್ಲ. ಅವನು ಮೈದಾನದಲ್ಲಿದ್ದ, ವೇದಿಕೆ ಮೇಲೆ ಇರಲಿಲ್ಲ. ನಾವು ಬರೆದದ್ದು ಫುಟ್‌ಬಾಲ್ ವರದಿಯೇ ಅಲ್ಲ, ಸಭಾ ಕಾರ್ಯಕ್ರಮದ ವರದಿ. ಪಕ್ಕದಲ್ಲಿ ಯಾರೋ ಫುಟ್‌ಬಾಲ್ ಆಡುತ್ತಿದ್ದರು ಅಷ್ಟೆ.

ಇದಕ್ಕೆ ಗೆಳೆಯರು ಕೊಡುವ ಸಮರ್ಥನೆ ನನಗೆ ಗೊತ್ತು. ವೇದಿಕೆ ಮೇಲಿದ್ದವರ ಹೆಸರು ಬಿಟ್ಟರೆ ಬೆಳಗ್ಗೆ ಫೋನ್ ಬರುತ್ತದೆ. ನಾಳೆ ಜಾಹೀರಾತು ಕೊಡಬೇಕಾದವರು ಅವರೇ. ತಾಲ್ಲೂಕು ವರದಿಗಾರನಿಗೆ ಸಿಗುವುದು ಪುಡಿಗಾಸು, ಅದರ ಮೇಲೆ ಹಬ್ಬದ ಪುರವಣಿಗೆ ಜಾಹೀರಾತು ತರುವ ಗುರಿ ಬೇರೆ. ಇವೆಲ್ಲ ನಿಜ. ನಾನು ಒಂದು ದಿನಪತ್ರಿಕೆಗೆ ತಾಲ್ಲೂಕಿನಿಂದ ಸುದ್ದಿ ಕಳಿಸುತ್ತಿದ್ದ ಎರಡು ವರ್ಷಗಳಲ್ಲಿ ಇದನ್ನೆಲ್ಲ ಅನುಭವಿಸಿದ್ದೇನೆ. ಒಂದು ಅಂತರಗ್ರಾಮ ಫೈನಲ್‌ನ ಸ್ಕೋರ್, ಗೋಲು ಹೊಡೆದ ಮೂವರು ಹುಡುಗರ ಹೆಸರು, ಯಾವ ನಿಮಿಷದಲ್ಲಿ ಅನ್ನುವುದು ಸೇರಿಸಿ ಕಳಿಸಿದ್ದೆ. ಅಚ್ಚಾದಾಗ ಆ ಮೂರು ಹೆಸರು ಮಾಯ, ಬಹುಮಾನ ಪ್ರಾಯೋಜಿಸಿದವರ ಹೆಸರು ಮಾತ್ರ ಇನಿಷಿಯಲ್ ಸಮೇತ ಉಳಿದಿತ್ತು. ಕೇಳಿದರೆ ಡೆಸ್ಕ್‌ನಿಂದ ಬಂದ ಉತ್ತರ, ಆ ಹುಡುಗರು ಯಾರಿಗೆ ಗೊತ್ತು ಅಂತ.

ಯಾರಿಗೂ ಗೊತ್ತಿಲ್ಲ, ಅದಕ್ಕೇ ಬರೆಯಬೇಕು. ಗೊತ್ತಿರುವವರನ್ನೇ ಮತ್ತೆ ಮತ್ತೆ ಬರೆಯುವುದಕ್ಕೆ ವರದಿಗಾರ ಯಾಕೆ ಬೇಕು? ತರಗತಿಯಲ್ಲಿ ನಮಗೆ ಐದು ಡಬ್ಲ್ಯು, ಒಂದು ಎಚ್ ಉರು ಹೊಡೆಸಿದರು. ಯಾರು ಅನ್ನುವ ಪ್ರಶ್ನೆಗೆ ಉತ್ತರ ವೇದಿಕೆಯಲ್ಲಿ ಮಾತ್ರ ಇರುತ್ತದೆ ಅಂತ ಯಾವ ಮೇಷ್ಟ್ರೂ ಹೇಳಿಕೊಟ್ಟಿಲ್ಲ. ಗ್ರಾಮೀಣ ಪತ್ರಿಕೋದ್ಯಮ ಅಂದರೆ ದನಿ ಇಲ್ಲದವರ ದನಿ ಅಂತ ಸೆಮಿನಾರ್‌ಗಳಲ್ಲಿ ಭಾಷಣ ಮಾಡುತ್ತೇವಲ್ಲ, ದನಿ ಆಗುವುದು ದೊಡ್ಡ ಮಾತು. ಮೊದಲು ಅವರ ಹೆಸರನ್ನು ಕಾಗುಣಿತ ತಪ್ಪಿಲ್ಲದೆ ಬರೆಯೋಣ.

ಫೋನ್ ಬರುತ್ತದೆ ಅನ್ನುವ ಭಯಕ್ಕೂ ಉತ್ತರ ಇದೆ. ವೇದಿಕೆಯವರ ಹೆಸರು ಬಿಡಬೇಡಿ, ಬೇಕಾದರೆ ಹಾಕಿ. ಆದರೆ ಮೊದಲ ಪ್ಯಾರಾ ಆಟಕ್ಕೆ ಕೊಡಿ. ಹನ್ನೊಂದು ಹೆಸರಿಗೆ ಎರಡು ಸಾಲು ಸಾಕು, ಉಪಸ್ಥಿತರಿದ್ದವರ ಪಟ್ಟಿಗೆ ನಾವು ಈಗಾಗಲೇ ನಾಲ್ಕು ಸಾಲು ಕೊಡುತ್ತಿದ್ದೇವೆ. ಜಾಗ ಇಲ್ಲ ಅನ್ನುವುದು ನೆಪ. ಓದುಗರ ಲೆಕ್ಕದಲ್ಲಿ ನೋಡಿದರೂ ಲಾಭವೇ. ವೇದಿಕೆ ಮೇಲಿನವರು ಹೆಸರು ಬಂದದ್ದನ್ನು ಎರಡು ದಿನದಲ್ಲಿ ಮರೆಯುತ್ತಾರೆ. ಗೋಲು ಹೊಡೆದ ಹುಡುಗನ ಅಮ್ಮ ಆ ಪುಟವನ್ನು ಕತ್ತರಿಸಿ ಟ್ರಂಕಿನಲ್ಲಿ ಇಡುತ್ತಾಳೆ.

ಇನ್ನೊಂದು ವಾದ ಇದೆ: ಸಣ್ಣ ಊರಿನ ಆಟಕ್ಕೆ ಚರಿತ್ರೆ ಉಳಿಸುವುದು ನಮ್ಮಲ್ಲಿ ಆಗದ ಕೆಲಸ ಅಂತ. ಆಗುತ್ತದೆ. ಕೊಡಗಿಗೆ ಹೋಗಿ ನೋಡಿ. 1997ರಲ್ಲಿ ಕರಡ ಗ್ರಾಮದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬದಲ್ಲಿ ಪ್ರತಿ ವರ್ಷದ ಕಪ್ಪಿಗೆ ಆತಿಥ್ಯ ವಹಿಸಿದ ಮನೆತನದ ಹೆಸರು. ಆಡುವುದು ಮನೆತನ, ಹೆಸರು ಮನೆತನದ್ದು. ಯಾವ ವರ್ಷ ಯಾವ ಮನೆತನ ಹಬ್ಬ ನಡೆಸಿತು, ಯಾರು ಗೆದ್ದರು ಅನ್ನುವುದು ಅಲ್ಲಿನವರಿಗೆ ಬಾಯಿಪಾಠ. ಅಲ್ಲೂ ಮಂತ್ರಿಗಳು ಬರುತ್ತಾರೆ, ಭಾಷಣ ಮಾಡುತ್ತಾರೆ. ಆದರೆ ಹಬ್ಬ ಅವರದ್ದಾಗುವುದಿಲ್ಲ. ಆಡುವವರ ಹೆಸರು ಮಧ್ಯದಲ್ಲಿದ್ದರೆ ಚರಿತ್ರೆ ತಾನಾಗಿ ಉಳಿಯುತ್ತದೆ.

ಹಾಗಾದರೆ ನಾವು ಮಾಡಬೇಕಾದ್ದು ಏನು? ಬಹಳ ಇಲ್ಲ.

ವರದಿ ಕಳಿಸುವಾಗ ಐದು ಸಂಗತಿ ಬಿಡಬೇಡಿ: ದಿನಾಂಕ, ಮೈದಾನ, ಸ್ಕೋರ್, ಗೋಲು ಹೊಡೆದವರು, ಎರಡೂ ತಂಡಗಳ ಪೂರ್ತಿ ಪಟ್ಟಿ. ಪತ್ರಿಕೆ ಕತ್ತರಿಸಿದರೆ ಕತ್ತರಿಸಲಿ, ಪೂರ್ತಿ ಪಟ್ಟಿ ನಿಮ್ಮ ನೋಟ್‌ಬುಕ್ಕಿನಲ್ಲಿ ಇರಲಿ. ಪತ್ರಿಕೆಗೆ ಜಾಗದ ಬರ, ಇಂಟರ್ನೆಟ್ಟಿಗೆ ಇಲ್ಲ, ಇಲ್ಲೇ ಹಾಕೋಣ.

ಫೋಟೊ ಶೀರ್ಷಿಕೆಯಲ್ಲಿ ಎಡದಿಂದ ಬಲಕ್ಕೆ ಎಲ್ಲರ ಹೆಸರು ಬರೆಯಿರಿ. ಕಪ್ ಕೊಟ್ಟವರದ್ದಲ್ಲ, ಕುಳಿತವರದ್ದು ಮತ್ತು ನಿಂತವರದ್ದು. ಈಗಲೂ ಹಳೆಯ ಕ್ಲಬ್ಬಿನ ಕಪ್ಪು ಬಿಳುಪು ಫೋಟೊ ಯಾರ ಮನೆಯಲ್ಲಾದರೂ ಸಿಕ್ಕರೆ ಹಿಂದುಗಡೆ ತಿರುಗಿಸಿ ನೋಡಿ. ಹೆಸರು ಬರೆದಿಲ್ಲದಿದ್ದರೆ ಆ ಮನೆಯ ಹಿರಿಯರು ಇರುವಾಗಲೇ ಪಕ್ಕದಲ್ಲಿ ಕೂತು ಬರೆಸಿಕೊಳ್ಳಿ. ಫೋಟೊ ಉಳಿದು ಹೆಸರು ಹೋದರೆ ಅದು ಬರೀ ಗೋಡೆಯ ಅಲಂಕಾರ.

ನಿಮ್ಮೂರಿನ ಕ್ಲಬ್ ನೋಂದಣಿ ಆಗಿದ್ದರೆ ಅದು ಬಹುಶಃ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಅಡಿ ಆಗಿರುತ್ತದೆ. ಆ ಕಾಯ್ದೆ ಪ್ರಕಾರ ಸಂಘಗಳು ಪ್ರತಿ ವರ್ಷ ಆಡಳಿತ ಮಂಡಳಿಯ ಪಟ್ಟಿ ಮತ್ತು ಲೆಕ್ಕಪತ್ರ ಸಲ್ಲಿಸಬೇಕು. ಅಂದರೆ ನೋಂದಣಾಧಿಕಾರಿಯ ಕಚೇರಿಯಲ್ಲಿ ಒಂದು ಕಡತ ಇರಬೇಕು. ಸಹಕಾರ ಸಂಘದ ಅವ್ಯವಹಾರ ಹುಡುಕಲು ಅದೇ ಕಚೇರಿಗೆ ಹೋಗುತ್ತೇವಲ್ಲ, ಒಂದು ದಿನ ಕ್ಲಬ್ಬಿನ ಕಡತಕ್ಕೂ ಹೋಗೋಣ. ಯಾರು ಕಟ್ಟಿದರು, ಯಾವಾಗ, ಬೈಲಾದಲ್ಲಿ ಏನು ಬರೆದುಕೊಂಡಿದ್ದರು, ಯಾವ ವರ್ಷ ಲೆಕ್ಕ ನಿಂತುಹೋಯಿತು, ಇದಿಷ್ಟು ಸಿಕ್ಕರೆ ಅರ್ಧ ಚರಿತ್ರೆ ಸಿಕ್ಕಂತೆ. ಲೆಕ್ಕ ನಿಂತ ವರ್ಷವೇ ಹೆಚ್ಚಾಗಿ ಮೈದಾನ ಹೋದ ವರ್ಷವೂ ಆಗಿರುತ್ತದೆ. ಅಲ್ಲಿಂದ ನಿಜವಾದ ಸುದ್ದಿ ಶುರು.

ಯಾಕೆಂದರೆ ಇದರಲ್ಲಿ ಪಣಕ್ಕಿರುವುದು ಬರೀ ನೆನಪಲ್ಲ, ಜಾಗ. ಊರಿನ ಮೈದಾನದ ಮೇಲೆ ಬಸ್ ನಿಲ್ದಾಣ, ಸಂತೆ ಮಾಳ, ವಾಣಿಜ್ಯ ಸಂಕೀರ್ಣ ಏನಾದರೂ ಬರುವಾಗ ಅಧಿಕಾರಿಗಳು ಕೇಳುವ ಮೊದಲ ಮಾತು, ಇಲ್ಲಿ ಯಾರು ಆಡುತ್ತಾರೆ ಅಂತ. ಅರವತ್ತು ವರ್ಷದಿಂದ ಈ ಕ್ಲಬ್ ಇಲ್ಲಿ ಆಡುತ್ತಿದೆ, ಈ ದಿನ ಈ ತಂಡದ ಎದುರು ಈ ಪಂದ್ಯ ನಡೆದಿದೆ ಅಂತ ಹುಡುಗರು ತೋರಿಸಬೇಕಾದರೆ ಕೈಯಲ್ಲಿ ಏನಿರಬೇಕು? ನಾವು ಬರೆದ ವರದಿ ಇರಬೇಕು. ಆ ವರದಿಯಲ್ಲಿ ಶಾಸಕರು ಚಾಲನೆ ನೀಡಿದ್ದು ಮಾತ್ರ ಇದ್ದರೆ, ಅದೇ ಶಾಸಕರು ಸಂಕೀರ್ಣಕ್ಕೂ ಚಾಲನೆ ನೀಡುತ್ತಾರೆ. ಚರಿತ್ರೆ ಇಲ್ಲದ ಕ್ಲಬ್ಬಿಗೆ ಮೈದಾನದ ಮೇಲೆ ಹಕ್ಕು ಸಾಧಿಸಲು ದಾಖಲೆಯೇ ಇಲ್ಲ.

ಬೆಂಗಳೂರು ಮುಸ್ಲಿಮ್ಸ್ ಮೂರು ಸಲ ರೋವರ್ಸ್ ಕಪ್ ಗೆದ್ದಿತು. ಇಷ್ಟು ದೊಡ್ಡ ಗೆಲುವೇ ಸ್ವಂತ ನೆಲದಲ್ಲಿ ಮಸುಕಾಗಬಲ್ಲುದಾದರೆ, ತಾಲ್ಲೂಕು ಫೈನಲ್ ಗೆದ್ದ ನಿಮ್ಮೂರಿನ ಹುಡುಗರ ಗತಿ ಏನು ಅಂತ ಯೋಚಿಸಿ. ಮುಂದಿನ ಭಾನುವಾರ ನಿಮ್ಮ ವ್ಯಾಪ್ತಿಯಲ್ಲಿ ಎಲ್ಲೋ ಒಂದು ಪಂದ್ಯ ಇದ್ದೇ ಇರುತ್ತದೆ. ಹೋಗಿ. ವೇದಿಕೆಗೆ ಬೆನ್ನು ಹಾಕಿ ಕೂತುಕೊಳ್ಳಿ. ಗೋಲು ಬಿದ್ದಾಗ ಪಕ್ಕದವರನ್ನು ಕೇಳಿ, ಹೊಡೆದವನ ಹೆಸರೇನು ಅಂತ. ಕೇಳಿ ಬರೆದುಕೊಳ್ಳಿ.